ನಮ್ಮಲ್ಲಿಗೆ ಬರಬೇಡಿ

ಮಕ್ಕಳ ಡಾಕ್ಟರ ಕ್ಲಿನಿಕ್ಕಿಗೆ ಹೊಸದಾಗಿ ಸೇರಿದ ನರ್ಸ್ ಹುಡುಗಿಗೆ ಮೊದಲ ದಿನ ಎಲ್ಲವನ್ನೂ ತೋರಿಸುತ್ತಾರೆ. ತೂಕದ ಮೆಷಿನ್, ಲಸಿಕೆ ಇಡುವ ಫ್ರಿಜ್, ಇಂಜೆಕ್ಷನ್ ಟ್ರೇ, ಹಠ ಮಾಡುವ ಮಗುವಿಗೆ ಕೊಡಲು ಡ್ರಾಯರಿನಲ್ಲಿಟ್ಟ ಗಿಲಕಿ. ಟೆಲಿಫೋನನ್ನು ಮಾತ್ರ ಯಾರೂ ತೋರಿಸುವುದಿಲ್ಲ. ಅದನ್ನು ಎತ್ತಿ ಹಲೋ ಎನ್ನುವುದು ಯಾರಿಗೆ ಬರುವುದಿಲ್ಲ ಎಂದುಕೊಂಡಿರುತ್ತಾರೆ. ನಾನು ಮುಂಬಯಿ ಹತ್ತಿರದ ಡೊಂಬಿವಲಿ ಈಸ್ಟ್‌ನ ಒಂದು ಕ್ಲಿನಿಕ್ಕಿನಲ್ಲಿ ಕೂದಲು ಕಪ್ಪಗಿದ್ದಾಗಿನಿಂದ ಪೂರ್ತಿ ಬೆಳ್ಳಗಾಗುವವರೆಗೆ ನರ್ಸ್ ಆಗಿದ್ದೆ. ಟು ಬಿ ಫ್ರಾಂಕ್, ನನ್ನ ಅಸಲು ಕೆಲಸ ನಡೆದದ್ದು ಆ ಟೆಲಿಫೋನಿನಲ್ಲೇ. ಈ ಕೆಲಸಕ್ಕೆ ಬರುವ ಹುಡುಗಿಯರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಎಲ್ಲ ಫೋನುಗಳೂ ಒಂದೇ ರೀತಿ ಶುರುವಾಗುತ್ತಿದ್ದವು.

"ಸಿಸ್ಟರ್, ಒಂದು ಕೇಳ್ಲಾ?"

ಆಚೆಯವರು ಉಡುಪಿಯವರಿರಲಿ, ಕಲಬುರಗಿಯವರಿರಲಿ, ಮರಾಠಿಯವರಿರಲಿ, ಕೇಳುವುದು ಒಂದೇ ಮಾತು: ಮಗುವಿಗೆ ಹುಷಾರಿಲ್ಲ, ನಾಳೆವರೆಗೆ ಕಾಯಲಾ, ಈಗಲೇ ಆಸ್ಪತ್ರೆಗೆ ಓಡಲಾ? ಕೇಳಲು ಸುಲಭ. ಉತ್ತರ ಕೊಡಬೇಕಾದವಳಿಗೆ ಮಗು ಕಾಣುವುದಿಲ್ಲ, ಮುಟ್ಟಲು ಸಿಗುವುದಿಲ್ಲ. ಎದುರಿಗೆ ಹತ್ತು ಮಕ್ಕಳು ಅಳುತ್ತಿರುತ್ತವೆ. ನಾನು ಫೋನಿನ ವಯರ್ ಎಳೆದುಕೊಂಡು ಹೋಗಿ ಲಸಿಕೆಯ ಫ್ರಿಜ್ಜಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆ. ಒಂದು ಕಿವಿಗೆ ರಿಸೀವರ್, ಇನ್ನೊಂದು ಕಿವಿಗೆ ಬೆರಳು. ಹೊಸಬರು ಬಂದರೆ, ಈ ಸಿಸ್ಟರ್ ಮೂಲೆಯಲ್ಲಿ ನಿಂತು ಪ್ರಾರ್ಥನೆ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು.

ನಾನು ಓದಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ. ನನ್‌ಗಳು ನಮಗೆ ಇಂಗ್ಲಿಷ್ ಕಲಿಸಿದರು, ಹೊಲಿಗೆ ಕಲಿಸಿದರು, ಬೆನ್ನು ನೆಟ್ಟಗಿಟ್ಟು ಕೂರುವುದನ್ನು ಕಲಿಸಿದರು. ನಮ್ಮ ಮದರ್ ಯಾವಾಗಲೂ ಹೇಳುತ್ತಿದ್ದರು, ಕಂಪ್ಲೀಟ್ ಸೆಂಟೆನ್ಸಿನಲ್ಲಿ ಮಾತನಾಡಿ ಗರ್ಲ್ಸ್, ಕಂಪ್ಲೀಟ್ ಸೆಂಟೆನ್ಸ್! ನರ್ಸಿಂಗ್ ಮುಗಿಸಿ, ಮದುವೆಯಾಗಿ ಡೊಂಬಿವಲಿಗೆ ಬಂದು ಫೋನು ಎತ್ತಿದ ಮೇಲೆ ಗೊತ್ತಾಯಿತು, ಹೆದರಿದ ತಾಯಿಗೆ ಪೂರ್ತಿ ವಾಕ್ಯ ಬರುವುದಿಲ್ಲ. ಅವಳ ಹತ್ತಿರ ಇರುವುದು ಚೂರುಗಳು. ಒಂದೊಂದಾಗಿ ಹೆಕ್ಕಿ ಜೋಡಿಸುವುದು ನಮ್ಮ ಕೆಲಸ. ಆದರೂ ಮದರ್ ನೆನಪಾದಾಗಲೆಲ್ಲ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಈಗಲೂ.

ನಮ್ಮ ಡಾಕ್ಟರ್ ರಾವ್ ಅವರ ಬಗ್ಗೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಉಡುಪಿಯ ಕಡೆಯವರು, ಎತ್ತರದ ಆಳು, ಗಡಸು ಸ್ವರ. ತಾಯಂದಿರಿಗೆ ಬೈಯುತ್ತಿದ್ದರು, ಮಕ್ಕಳ ಜೊತೆ ಮಾತ್ರ ಬೆಣ್ಣೆಯಂತೆ ಮಾತನಾಡುತ್ತಿದ್ದರು. ಅವರ ಕೈಗುಣ ನಮ್ಮ ಜನರಲ್ಲಿ ಮನೆಮಾತಾಗಿತ್ತು. ಡಾಕ್ಟರು ಔಷಧಿ ಬರೆದುಕೊಟ್ಟರೆ ಸಾಲದು, ಮೊದಲ ಚಮಚ ಅವರ ಕೈಯಿಂದಲೇ ಮಗುವಿನ ಬಾಯಿಗೆ ಬೀಳಬೇಕು. ಯಾವಾಗ ಶುರುವಾಯಿತೋ ಗೊತ್ತಿಲ್ಲ, ನಾನು ಸೇರುವಾಗಲೇ ಇತ್ತು. ಜನ ಕೆಳಗಿನ ಮೆಡಿಕಲ್ಲಿನಿಂದ ಔಷಧಿಯ ಬಾಟಲಿ ಕೊಂಡು ಮತ್ತೆ ಮೇಲೆ ಹತ್ತಿ ಬಂದು ಲೈನಿನಲ್ಲಿ ನಿಲ್ಲುತ್ತಿದ್ದರು. ಡಾಕ್ಟರು ಬೈದುಕೊಂಡೇ ಮೇಜಿನ ಮೇಲಿನ ಸ್ಟೀಲ್ ಚಮಚ ಎತ್ತುತ್ತಿದ್ದರು. ಪ್ರತಿ ಮಗುವಿಗೂ ಆ ಚಮಚ ಕುದಿಸಿ ಕೊಡುವುದು ನನ್ನ ಡ್ಯೂಟಿ. ಡೊಂಬಿವಲಿ ಬಿಟ್ಟು ಥಾಣೆಗೆ, ಕಲ್ಯಾಣ್‌ಗೆ, ನವಿ ಮುಂಬಯಿಯ ಹೊಸ ಫ್ಲ್ಯಾಟುಗಳಿಗೆ ಹೋದವರೂ ಮಗು ಕೆಮ್ಮಿದರೆ ಟ್ರೇನ್ ಹತ್ತಿ ಆ ಚಮಚಕ್ಕಾಗಿ ಬರುತ್ತಿದ್ದರು. ಡಾಕ್ಟರಿಗೆ ಇದು ಒಳಗೊಳಗೇ ಖುಷಿ. "ಎಲ್ಲಿಂದ ಬಂದದ್ದು? ಕಳಂಬೋಲಿಯಿಂದಲಾ? ಅಲ್ಲಿ ಡಾಕ್ಟರುಗಳು ಸತ್ತಿದ್ದಾರಾ?" ಎಂದು ಗದರುವಾಗ ಅವರ ಮೀಸೆಯಡಿ ನಗು ಕಾಣುತ್ತಿತ್ತು. ನನಗೂ ಹೆಮ್ಮೆಯೇ. ನಮ್ಮ ಕ್ಲಿನಿಕ್ ಅಲ್ಲವೇ!

ಟೆಲಿಫೋನಿನ ವಿದ್ಯೆಯನ್ನು ನನಗೆ ಯಾರೂ ಕೂರಿಸಿ ಕಲಿಸಲಿಲ್ಲ. ಶುರುವಿಗೆ ಎಲ್ಲರಂತೆ ನಾನೂ ಜ್ವರ ಎಷ್ಟು ಎಂದೇ ಕೇಳುತ್ತಿದ್ದೆ. ಆಚೆಯಿಂದ ಒಂದು ನಂಬರ್ ಬರುತ್ತಿತ್ತು. ಆ ನಂಬರ್ ಹಿಡಿದುಕೊಂಡು ಅವರೂ ಹೆದರುವುದು, ನಾನೂ ಹೆದರುವುದು. ಸುಡುವ ಜ್ವರವಿದ್ದ ಹುಡುಗ ಅಜ್ಜನ ಕನ್ನಡಕ ಕಿತ್ತುಕೊಂಡು ಓಡುತ್ತಿರುತ್ತಾನೆ. ಮೈ ಬೆಚ್ಚಗೂ ಇಲ್ಲದ ಹಸುಗೂಸು ಸುಮ್ಮನೆ ಮಲಗಿಕೊಂಡೇ ಕೈಬಿಟ್ಟು ಹೋಗುತ್ತಿರುತ್ತದೆ. ಇದನ್ನು ಕಂಡು ಕಂಡು ನನ್ನ ಪ್ರಶ್ನೆ ಬದಲಾಯಿತು. "ಜ್ವರ ಆಮೇಲೆ ಹೇಳಿ. ಮಗು ಈಗ, ಈ ಮಿನಿಟು, ಏನು ಮಾಡ್ತಾ ಉಂಟು?" ಇದೊಂದೇ ಪ್ರಶ್ನೆ. ಹಾಲು ಕುಡಿಯಿತಾ, ಮೂತ್ರ ಮಾಡಿತಾ, ಕರೆದರೆ ನೋಡುತ್ತದಾ, ಉಸಿರಾಡಲು ಕಷ್ಟಪಡುತ್ತದಾ ಎಂಬುದೆಲ್ಲ ಅದರ ಬಾಲ ಹಿಡಿದು ಬರುತ್ತಿತ್ತು. ಫೋನಿನಲ್ಲಿ ಮಗು ಜೋರಾಗಿ ಅಳುವುದು ಕೇಳಿದರೆ ನನಗೆ ಅರ್ಧ ಸಮಾಧಾನ. ಅಷ್ಟು ಅಳಲು ಶಕ್ತಿ ಇದೆಯಲ್ಲ. ಹುಷಾರಿಲ್ಲದ ಮಗುವಿನ ಮನೆ ನಿಶ್ಶಬ್ದವಾಗಿದ್ದರೆ ನನ್ನ ಕಿವಿ ನೆಟ್ಟಗಾಗುತ್ತಿತ್ತು.

ಇನ್ನೊಂದು ಸಂಗತಿ. ಯಾರು ಏನೇ ಕೇಳಲಿ, ನಗಬಾರದು. ಒಂದು ದಿನ ಠಾಕುರ್ಲಿಯಿಂದ ಒಬ್ಬ ತಾಯಿ ಚೀರಿಕೊಂಡು ಫೋನ್ ಮಾಡಿದಳು, ಡಯಾಪರಿನಲ್ಲಿ ರಕ್ತ, ಬರೀ ರಕ್ತ!

"ಮಗು ಏನು ಮಾಡ್ತಾ ಉಂಟು?"

"ಕುಣೀತಾ ಇದೆ ಸಿಸ್ಟರ್. ಟೀವಿ ಮುಂದೆ."

"ನಿನ್ನೆ ಊಟಕ್ಕೆ ಎಂತ ಕೊಟ್ಟದ್ದು?"

ಆ ಕಡೆಯಿಂದ ಸಣ್ಣ ಸ್ವರ: "ಬೀಟ್‌ರೂಟ್ ಪಲ್ಯ."

ಒಳಗಿನ ಎಕ್ಸ್‌ಟೆನ್ಶನಿನಲ್ಲಿ ಕೇಳಿಸಿಕೊಂಡ ಡಾಕ್ಟರು ಗೋಡೆ ನಡುಗುವ ಹಾಗೆ ನಕ್ಕರು. ಆ ನಗು ಆಚೆ ಕಡೆಗೂ ಹೋಗಿರಬೇಕು, ಫಟ್ ಎಂದು ಫೋನ್ ಇಟ್ಟಳು. ಡಾಕ್ಟರಿಗೆ ಚಹಾ ಕೊಡುವಾಗ ನಾನು ಹೇಳಿದೆ, "ಸರ್, ಇವತ್ತು ನಕ್ಕರೆ ನಾಳೆ ನಿಜವಾಗಿ ರಕ್ತ ಬಂದರೂ ಆಕೆ ಕೇಳುವುದಿಲ್ಲ." ಅವರು ಕಪ್ಪಿನೊಳಗೇ ನೋಡುತ್ತಾ, "ಆಯ್ತು ಮಾರಾಯ್ತಿ, ಆ ಎಕ್ಸ್‌ಟೆನ್ಶನ್ ತೆಗೆಸಿಬಿಡಿ, ನನಗೆ ನಗು ತಡೆಯುವುದಿಲ್ಲ" ಎಂದರು. ತೆಗೆಸಿದೆ. ಅಂಥ ಬಾಸ್ ಎಷ್ಟು ಜನರಿಗೆ ಸಿಗುತ್ತಾರೆ?

ಕೇಳುವ ತಾಯಂದಿರಲ್ಲಿ ಎಲ್ಲರೂ ಫೋನ್ ಇಟ್ಟ ಕೂಡಲೇ ರಿಕ್ಷಾ ಹತ್ತುವ ಹಾಗಿರುತ್ತಿರಲಿಲ್ಲ. ಕಲಬುರಗಿ ಕಡೆಯ ಒಬ್ಬ ಹುಡುಗಿ, ನಾಗಮ್ಮ. ಗಂಡ ಹೆಂಡತಿ ಡೊಂಬಿವಲಿಯಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದವರು, ಸೈಟು ಮುಗಿದು ರಬಾಳೆಯ ಫ್ಯಾಕ್ಟರಿಗಳ ಹಿಂದೆ ಒಂದು ಖೋಲಿಗೆ, ಬಾಡಿಗೆ ಕೋಣೆಗೆ, ಹೋಗಿದ್ದರು. ಹೆರಿಗೆಯಾಗಿ ತಿಂಗಳೂ ಆಗಿರಲಿಲ್ಲ. ಪಕ್ಕದ ಮನೆಯವರ ಮೊಬೈಲಿನಿಂದ ಫೋನ್ ಮಾಡಿದಳು.

"ಅಕ್ಕಾ, ಒಂದ್ ಕೇಳ್ಲೇನ್ರಿ? ಕೂಸು ಮಲಿ ಹಿಡಿವಲ್ದು. ಮುಂಜಾನಿಂದ ಮಕ್ಕೊಂಡೇ ಅದ."

"ಮೈ ಬಿಸಿ ಇದೆಯಾ?"

"ಇಲ್ರಿ, ತಣ್ಣಗ ಅದ. ಜ್ವರ ಇಲ್ಲಲ್ಲ ಅಂತ ಸುಮ್ಮನ ಇದ್ದೆ."

ತಿಂಗಳೊಳಗಿನ ಕೂಸು ಹಾಲು ಬಿಟ್ಟು ತಣ್ಣಗೆ ಮಲಗಿದೆ ಎಂದರೆ ಯೋಚಿಸಲು ಏನೂ ಉಳಿದಿಲ್ಲ ಎಂದೇ ಅರ್ಥ. ಈಗಲೇ ಎದೆಗೆ ಅವಚಿಕೊಂಡು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗು ಎಂದೆ.

"ಮಾಲಕರು ಡ್ಯೂಟಿ ಮ್ಯಾಗಿಂದ ಬರ್ಲಿ ಅಕ್ಕಾ, ಅವರನ್ನ ಕೇಳಿ ಹೋಗ್ತೀನಿ. ಕೇಳಲಾರದ ಹೋದ್ರ ಬೈತಾರ."

ಮಾಲಕರು ಎಂದರೆ ಅವಳ ಗಂಡ. ನಾನು ಗಂಡನಿಗೆ ಬೈಯಲಿಲ್ಲ, ಅವಳಿಗೂ ಬೈಯಲಿಲ್ಲ. "ನಾಗಮ್ಮಾ, ಅವರನ್ನು ಕೇಳಬೇಡ, ಅವರಿಗೆ ಹೇಳು. ಕೂಸನ್ನು ಎತ್ತಿಕೊಂಡು ರಿಕ್ಷಾದಲ್ಲಿ ಕೂತ ಮೇಲೆ ಹೇಳು. ಸಿಸ್ಟರ್ ಕಳಿಸಿದ್ದು ಅನ್ನು. ಬೈಯುವುದಿದ್ದರೆ ನನಗೆ ಬಂದು ಬೈಯಲಿ."

ಅವಳು ಹೋದಳು. ಕೂಸು ಆಸ್ಪತ್ರೆಯಲ್ಲಿ ತುಂಬಾ ದಿನ ಇದ್ದು ಮನೆಗೆ ಬಂತು. ಗಂಡ ನಿಜವಾಗಿಯೂ ಒಂದು ಭಾನುವಾರ ಡೊಂಬಿವಲಿಗೆ ಬಂದ, ಬೈಯಲು ಅಲ್ಲ. ಕೈಯಲ್ಲಿ ಊರಿನಿಂದ ತಂದ ಶೇಂಗಾ ಹಿಂಡಿಯ, ಅಂದರೆ ಕಡಲೆಕಾಯಿ ಚಟ್ನಿಪುಡಿಯ, ಡಬ್ಬಿ. ಫ್ರಿಜ್ಜಿನ ಮೇಲೆ ಇಟ್ಟು ಹೋದ. ಅದರ ಖಾರಕ್ಕೆ ನಮ್ಮ ಡಾಕ್ಟರ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದು ಅವರು ಹೇಳಿದ್ದು.

ಇಷ್ಟೆಲ್ಲ ಹೇಳಿದ್ದು ಮುಂದಿನದಕ್ಕೆ. ನನ್ನ ಇಡೀ ಸರ್ವಿಸಿನಲ್ಲಿ ನಾನು ತಲೆ ಎತ್ತಿ ಹೇಳಿಕೊಳ್ಳುವ ಕೆಲಸ ಇದು.

ಶಶಿಕಲಾ ಮತ್ತು ಅವಳ ಅತ್ತೆ ಗಿರಿಜಕ್ಕ ನಮ್ಮ ಹಳೆಯ ಪೇಶಂಟ್ ಮನೆಯವರು. ಉಡುಪಿ ಕಡೆಯವರು, ಶಶಿಕಲಾಳ ಗಂಡನದ್ದು ಹೋಟೆಲ್. ದೊಡ್ಡ ಮಗಳು ಹುಟ್ಟಿದಾಗಿನಿಂದ ಆ ಸ್ಟೀಲ್ ಚಮಚದಲ್ಲೇ ಬೆಳೆದವಳು. ಆಮೇಲೆ ಅವರು ನವಿ ಮುಂಬಯಿಯ ಸೀವುಡ್ಸ್ ಸ್ಟೇಷನ್ ಹತ್ತಿರ ಹೊಸ ಹೋಟೆಲ್ ಹಾಕಿ, ಅಲ್ಲೇ ಫ್ಲ್ಯಾಟ್ ಕೊಂಡು ಹೋದರು. ಅಲ್ಲಿ ಪ್ರಣವ್ ಹುಟ್ಟಿದ. ಅವನಿಗೂ ಲಸಿಕೆ ಡೊಂಬಿವಲಿಯಲ್ಲೇ, ಶೀತವಾದರೂ ಡೊಂಬಿವಲಿಯಲ್ಲೇ. ಕಾರಿನಲ್ಲಿ ಶಿಳ್‌ಫಾಟಾ ರಸ್ತೆ ಹಿಡಿದು ಬರುತ್ತಿದ್ದರು. ದಾರಿಯಲ್ಲಿ ಎಷ್ಟು ಆಸ್ಪತ್ರೆ ದಾಟಿ ಬರುತ್ತಿದ್ದರೋ ದೇವರಿಗೇ ಗೊತ್ತು. ಗಿರಿಜಕ್ಕ ಹೇಳುತ್ತಿದ್ದರು, "ಕಟ್ಟಡ ಚೆಂದ ಇದ್ದರೆ ಸಾಕಾ ಸಿಸ್ಟರ್? ಕೈ ಬೇಡವಾ?"

ಮಳೆಗಾಲದ ಒಂದು ಸಂಜೆ. ಪ್ರಣವ್‌ಗೆ ವರ್ಷ ತುಂಬಿ ಕೆಲವು ತಿಂಗಳಾಗಿತ್ತು. ಓಪಿಡಿ ತುಂಬಿತ್ತು. ಮಹಾಪೆಯ ಕಡೆಯಿಂದ ಬಂದ ಒಬ್ಬ ತಂದೆ ಒದ್ದೆ ಛತ್ರಿ ಮಡಚುತ್ತಾ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದ, ಶಿಳ್ ಹತ್ತಿರ ಕಬ್ಬಿಣ ಹೇರಿಕೊಂಡು ಕಳಂಬೋಲಿಗೆ ಹೊರಟ ಟ್ರೇಲರ್ ರಸ್ತೆಗೆ ಅಡ್ಡ ಬಿದ್ದಿದೆ, ಒಂದು ಗಾಡಿಯೂ ಅಲ್ಲಾಡುತ್ತಿಲ್ಲ, ತಾನು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದು ದಾಟಿದೆ ಎಂದು. ಅವನ ಮಾತು ಮುಗಿಯುವ ಮೊದಲೇ ಫೋನ್ ಬಂತು.

"ಸಿಸ್ಟರ್, ನಾನು ಶಶಿಕಲಾ. ಪುಟ್ಟನಿಗೆ ಎರಡು ದಿನದಿಂದ ಶೀತ, ಇವತ್ತು ಯಾಕೋ ಸರಿ ಇಲ್ಲ. ನಾವು ಹೊರಡ್ತಾ ಇದ್ದೇವೆ, ಡಾಕ್ಟರಿಗೆ ಸ್ವಲ್ಪ ಕಾಯ್ಲಿಕ್ಕೆ ಹೇಳಿ."

"ಪುಟ್ಟ ಈಗ ಎಂತ ಮಾಡ್ತಾ ಇದ್ದಾನೆ?"

"ಮಲಗಿದ್ದಾನೆ. ಪಾಪ, ಹಟವೇ ಇಲ್ಲ ಸಿಸ್ಟರ್ ಇವತ್ತು. ಒಳ್ಳೆ ಹುಡುಗನ ಹಾಗೆ ಇದ್ದಾನೆ."

ಪ್ರಣವ್ ಒಳ್ಳೆ ಹುಡುಗನಲ್ಲ. ಲಸಿಕೆ ಹಾಕುವಾಗ ನನ್ನ ಕ್ಯಾಪ್ ಕಿತ್ತು ಎಸೆದವನು.

"ಫೋನನ್ನು ಅವನ ಬಾಯಿ ಹತ್ತಿರ ಹಿಡಿ. ನೀನು ಮಾತನಾಡಬೇಡ."

ಗೋಡೆಗೆ ಹಣೆ ತಾಗಿಸಿ ಕೇಳಿದೆ. ಉಸಿರು ಬೇಗ ಬೇಗ ಬರುತ್ತಿತ್ತು. ಪ್ರತಿ ಉಸಿರಿನ ತುದಿಯಲ್ಲಿ ಹ್ಂ... ಹ್ಂ... ಎಂದು ಸಣ್ಣ ನರಳಾಟ, ಶಕ್ತಿ ಮೀರಿದ ಭಾರ ಎತ್ತುವವರ ಹಾಗೆ. ಅಂಗಿ ಎತ್ತಿ ನೋಡು ಎಂದೆ. ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆ ಎಂದಳು. ನೀರು? ಬಾಟಲಿ ಇಟ್ಟರೆ ಮುಖ ತಿರುಗಿಸುತ್ತಾನೆ. ಬೆಳಿಗ್ಗೆಯಿಂದ ಡಯಾಪರ್ ಒಣಗಿಯೇ ಇದೆ.

ಆ ಮಗುವಿಗೆ ಬೇಕಾದದ್ದು ಆಕ್ಸಿಜನ್, ಈಗಲೇ. ಸೀವುಡ್ಸ್‌ನ ಅವರ ಬಿಲ್ಡಿಂಗಿನಿಂದ ಐದು ಮಿನಿಟಿಗೆ ಹೋಗುವಷ್ಟು ಹತ್ತಿರ ದೊಡ್ಡ ಆಸ್ಪತ್ರೆ, ಒಳಗೆ ಹಗಲುರಾತ್ರಿ ತೆರೆದ ಕ್ಯಾಶುವಲ್ಟಿ. ನಮ್ಮಲ್ಲಿ ಇದ್ದದ್ದು ಎರಡು ಬೆಡ್, ಒಂದು ಸಣ್ಣ ಸಿಲಿಂಡರ್. ನಮಗೂ ಅವರಿಗೂ ನಡುವೆ ಅಡ್ಡ ಬಿದ್ದ ಟ್ರೇಲರ್. ಕಾರು ಆ ಸಾಲಿನಲ್ಲಿ ಸಿಕ್ಕಿಹಾಕಿಕೊಂಡರೆ ಹಿಂದೆಯೂ ಹೋಗಲಾಗದು, ಮುಂದೆಯೂ ಬರಲಾಗದು.

"ಶಶೀ, ನಮ್ಮಲ್ಲಿಗೆ ಬರಬೇಡಿ" ಎಂದೆ. "ನಿಮ್ಮ ಹತ್ತಿರದ ಆಸ್ಪತ್ರೆಯ ಕ್ಯಾಶುವಲ್ಟಿಗೆ ಹೋಗಿ. ಈಗಲೇ. ಬ್ಯಾಗು ಗೀಗು ತುಂಬ್ಲಿಕ್ಕೆ ಕೂರಬೇಡ."

ಅವಳು ಏನೋ ಹೇಳಲು ಹೋದಳು. ಅಷ್ಟರಲ್ಲಿ ಫೋನ್ ಗಿರಿಜಕ್ಕನ ಕೈಗೆ ಹೋಯಿತು.

"ಎಂತ ಸಿಸ್ಟರ್? ಡೊಂಬಿವಲಿ ಬಿಟ್ಟ ಕೂಡ್ಲೇ ನಾವು ನಿಮಗೆ ಬೇಡ ಆದೆವಾ?"

"ಹಾಗಲ್ಲ ಗಿರಿಜಕ್ಕ, ಮಗುವಿಗೆ ಉಸಿರು..."

"ಉಸಿರು ಕಟ್ಟಿದೆ ಅಂತಲೇ ಬರುವುದು. ಆ ಆಸ್ಪತ್ರೆಯಲ್ಲಿ ನಮ್ಮ ಮಗುವಿನ ಮುಖ ನೋಡಿದವರು ಯಾರಿದ್ದಾರೆ? ಗಾಜಿನ ಬಾಗಿಲ ಒಳಗೆ ಹಾಕಿಬಿಡ್ತಾರೆ, ನಮ್ಮನ್ನು ಹೊರಗೆ ನಿಲ್ಲಿಸ್ತಾರೆ. ಇವನ ಅಕ್ಕನಿಗೆ ನ್ಯುಮೋನಿಯಾ ಆದಾಗ ಯಾರ ಕೈಯಲ್ಲಿ ಗುಣ ಆದದ್ದು? ಮೊದಲ ಚಮಚ ಡಾಕ್ಟರದ್ದೇ ಆಗ್ಬೇಕು. ಕಾರು ಕೆಳಗೆ ಬಂದಾಯ್ತು. ಇಡ್ತೇನೆ."

ಹುಡುಗಿಯರೇ, ಇಲ್ಲಿ ಗಮನ ಕೊಡಿ. ಆ ಕ್ಷಣದಲ್ಲಿ ನಾನು, ಕೈಗುಣ ಎಂಬುದೆಲ್ಲ ಸುಳ್ಳು ಅಜ್ಜೀ, ಸೈನ್ಸ್ ಹೀಗೆ ಹೇಳುತ್ತದೆ ಎಂದು ಶುರು ಮಾಡಿದ್ದರೆ ಮಾತು ಗೆಲ್ಲುತ್ತಿದ್ದೆನೋ ಏನೋ. ಆದರೆ ಕಾರು ಶಿಳ್ ರಸ್ತೆ ಹಿಡಿಯುತ್ತಿತ್ತು. ಆ ನಂಬಿಕೆಯನ್ನು ಇಷ್ಟು ವರ್ಷ ಚಮಚ ಕುದಿಸಿ ಕುದಿಸಿ ಸಾಕಿದವರು ನಾವೇ. ಈಗ ಅದು ಇಲ್ಲ ಎಂದರೆ ಯಾರು ಕೇಳುತ್ತಾರೆ?

"ಗಿರಿಜಕ್ಕ, ಫೋನ್ ಇಡಬೇಡಿ. ಡಾಕ್ಟರೇ ಅಲ್ಲಿಗೆ ಬರ್ತಾರೆ."

"ಯಾರು? ನಮ್ಮ ಡಾಕ್ಟರಾ? ಸೀವುಡ್ಸ್‌ಗಾ?"

"ಹೌದು. ಟ್ರೇನಿನಲ್ಲಿ ಬರ್ತಾರೆ, ರಸ್ತೆ ಬಂದ್ ಉಂಟು. ಆದರೆ ಅವರು ಬರುವುದು ನಿಮ್ಮ ಮನೆಗಲ್ಲ, ಆ ಆಸ್ಪತ್ರೆಗೆ. ನೀವು ಮಗುವನ್ನು ಕರೆದುಕೊಂಡು ಅಲ್ಲಿ ಇರಬೇಕು. ಅವರು ಬರುವವರೆಗೆ ಅಲ್ಲಿಯವರು ಏನು ಮಾಡಿದರೂ ಮಾಡ್ಲಿಕ್ಕೆ ಬಿಡಬೇಕು. ಗೊತ್ತಾಯ್ತಾ?"

"ಆಣೆಯಾ?"

"ಆಣೆ."

ಡಾಕ್ಟರಿಗೆ ಈ ವಿಷಯವೇ ಗೊತ್ತಿರಲಿಲ್ಲ.

ನಾನು ಕ್ಯಾಬಿನ್ ಬಾಗಿಲು ತಳ್ಳಿದೆ. ಅವರು ಒಂದು ಮಗುವಿನ ಕಿವಿಯೊಳಗೆ ಟಾರ್ಚ್ ಹಿಡಿದಿದ್ದರು. ಗಾಬರಿಯಾದಾಗ ನನ್ನ ಬಾಯಿಗೆ ಕಾನ್ವೆಂಟಿನ ಇಂಗ್ಲಿಷೇ ಬರುವುದು. ಪೂರ್ತಿ ವಾಕ್ಯದಲ್ಲಿ ಹೇಳಿದೆ, "ಸರ್, ಐ ಹ್ಯಾವ್ ಗಿವನ್ ಯುವರ್ ವರ್ಡ್ ಟು ಸಮ್‌ಬಡಿ."

"ನನ್ನ ವರ್ಡ್ ಕೊಡ್ಲಿಕ್ಕೆ ನೀವು ಯಾರು ಮಾರಾಯ್ತಿ?"

ನಡೆದದ್ದು ಹೇಳಿದೆ. ಅವರ ಮುಖ ಕೆಂಪಾಯಿತು. ಹೊರಗೆ ಬೆಂಚುಗಳು ತುಂಬಿದ್ದವು, ಮೆಟ್ಟಿಲ ಮೇಲೂ ಜನ. "ಇಷ್ಟು ಮಕ್ಕಳನ್ನು ಬಿಟ್ಟು ನಾನು ಸೀವುಡ್ಸ್‌ಗೆ ಹೋಗುವುದಾ? ಅಲ್ಲಿ ಹೋಗಿ ಎಂತ ಮಾಡ್ಲಿ? ಅದು ನನ್ನ ಆಸ್ಪತ್ರೆಯಾ? ಮುಟ್ಲಿಕ್ಕೂ ಬಿಡುವುದಿಲ್ಲ ನನ್ನನ್ನು."

"ನೀವು ಏನೂ ಮಾಡುವುದು ಬೇಡ ಸರ್. ಹೋಗಿ ನಿಂತರೆ ಸಾಕು. ನೀವು ಹೋಗ್ತೀರಿ ಅಂತಲೇ ಅವರು ಹೋದದ್ದು. ನೀವು ಬರಲಿಲ್ಲ ಅಂತ ಗೊತ್ತಾದರೆ ಗಿರಿಜಕ್ಕ ಮಗುವನ್ನು ಎತ್ತಿಕೊಂಡು ಹೊರಗೆ ಬರ್ತಾರೆ. ಅವರನ್ನು ನೀವು ಬಲ್ಲಿರಿ."

ಟಾರ್ಚ್ ಆರಿಸಿದರು. "ಎಂತ ಕೇಳಿಸಿತು ನಿಮಗೆ?"

ನಾನು ಮಾಡಿ ತೋರಿಸಿದೆ. ಹ್ಂ... ಹ್ಂ...

ಅವರು ಸ್ಟೆಥೋಸ್ಕೋಪ್ ಜೇಬಿಗೆ ತುರುಕಿದರು, ಛತ್ರಿ ಎತ್ತಿದರು. ಬಾಗಿಲವರೆಗೆ ಹೋದವರು ಹಿಂದೆ ಬಂದು ಮೇಜಿನ ಮೇಲಿನ ಸ್ಟೀಲ್ ಚಮಚ ತೆಗೆದುಕೊಂಡರು. ನನ್ನ ಮುಖ ನೋಡದೆ, "ಆ ಮುದುಕಿ ಕೇಳದೆ ಬಿಡ್ಲಿಕ್ಕಿಲ್ಲ" ಎಂದು ಗೊಣಗಿ ಮೆಟ್ಟಿಲಿಳಿದರು. ಡೊಂಬಿವಲಿಯಿಂದ ಥಾಣೆ, ಅಲ್ಲಿ ಇಳಿದು ಪನ್ವೇಲ್ ಲೋಕಲ್. ಸಂಜೆಯ ಆ ರಶ್ಶಿನಲ್ಲಿ, ಆ ವಯಸ್ಸಿನಲ್ಲಿ, ನಿಂತುಕೊಂಡೇ ಹೋದರಂತೆ.

ನಾನು ಹೊರಗೆ ಬಂದು ಬೆಂಚುಗಳ ನಡುವೆ ನಿಂತೆ. ಡಾಕ್ಟರು ಎಮರ್ಜೆನ್ಸಿಗೆ ಹೋದರು ಎಂದೆ. ಎಷ್ಟು ಹೊತ್ತಿನಿಂದ ಕೂತಿದ್ದೇವೆ ಎಂದು ಗಲಾಟೆ ಶುರುವಾಯಿತು. "ಅರೇ ಸಿಸ್ಟರ್, ಹಮ್ ಕಬ್ ಸೇ ಬೈಠೇ ಹೈಂ!" ಒಬ್ಬೊಬ್ಬರ ಹತ್ತಿರ ಹೋಗಿ ಅದೇ ಪ್ರಶ್ನೆ ಕೇಳಿದೆ, ಮಗು ಏನು ಮಾಡುತ್ತಿದೆ? ಹೆಚ್ಚಿನವು ಛತ್ರಿಗಳ ನೀರಿನಲ್ಲಿ ಜಾರುಬಂಡಿ ಆಡುತ್ತಿದ್ದವು. ಅವನ್ನು ನಾಳೆ ಬನ್ನಿ ಎಂದು ಕಳಿಸಿದೆ. ಇಬ್ಬರನ್ನು ಮಾತ್ರ ಕಳಿಸುವ ಹಾಗಿರಲಿಲ್ಲ. ಹಿಂದಿನ ಗಲ್ಲಿಯಲ್ಲಿ ಇನ್ನೊಬ್ಬ ಮಕ್ಕಳ ಡಾಕ್ಟರಿದ್ದರು, ನಮ್ಮ ಡಾಕ್ಟರಿಗೂ ಅವರಿಗೂ ಮಾತಿರಲಿಲ್ಲ. ಆ ಇಬ್ಬರನ್ನೂ ನಾನೇ ಛತ್ರಿ ಹಿಡಿದು ಕರೆದುಕೊಂಡು ಹೋಗಿ ಅವರ ಕೈಗೆ ಒಪ್ಪಿಸಿದೆ. ಅವರು ಕಣ್ಣು ದೊಡ್ಡದು ಮಾಡಿ ನನ್ನನ್ನು ನೋಡಿದರು. ನೋಡಲಿ.

ವಾಪಸು ಬಂದು ಖಾಲಿ ಕ್ಲಿನಿಕ್ಕಿನಲ್ಲಿ ಫೋನಿನ ಪಕ್ಕ ಕೂತೆ. ಆ ಫೋನ್ ಅಷ್ಟು ಹೊತ್ತು ಸುಮ್ಮನಿದ್ದದ್ದು ನಾನು ಅದೊಂದೇ ದಿನ ನೋಡಿದ್ದು. ಎಲ್ಲರೂ ಸೇರಿ ಮಾತನಾಡಿಕೊಂಡು ಅದನ್ನು ನನಗಾಗಿ ಬಿಟ್ಟುಕೊಟ್ಟ ಹಾಗಿತ್ತು. ನಾನು ಹೇಳಿದ್ದು ಸರಿಯೇ? ಅವರು ನಿಜವಾಗಿ ಹೋದರೇ? ಅಥವಾ ಫೋನ್ ಇಟ್ಟ ಮೇಲೆ ಗಿರಿಜಕ್ಕ ಮನಸ್ಸು ಬದಲಿಸಿ, ಆ ಕಾರು ಈಗ ಟ್ರೇಲರಿನ ಹಿಂದೆ ನಿಂತಿದೆಯೇ? ಎದ್ದು ಗಿಲಕಿಗಳನ್ನು ಡೆಟ್ಟಾಲಿನಲ್ಲಿ ತೊಳೆದೆ. ಒರೆಸಿದೆ. ಮತ್ತೆ ತೊಳೆದೆ.

ಕೊನೆಗೆ ಫೋನ್ ಬಂತು. ಡಾಕ್ಟರು.

"ಸುಮತಿ, ಮಗುವಿಗೆ ಆಕ್ಸಿಜನ್ ಹಾಕಿದ್ದಾರೆ. ಮುಖಕ್ಕೆ ಬಣ್ಣ ಬಂದಿದೆ. ಇಲ್ಲಿ ಒಬ್ಬಳು ಹುಡುಗಿ ಡಾಕ್ಟರ್ ಇದ್ದಾಳೆ, ಭಾರೀ ಚುರುಕು. ನಾನು ಬರುವುದರೊಳಗೆ ಎಲ್ಲ ಮಾಡಿ ಮುಗಿಸಿದ್ದಾಳೆ. ನನ್ನನ್ನು ಗಾಜಿನ ಹೊರಗೆ ನಿಲ್ಲಿಸಿದ್ದಾಳೆ!" ಹೊರಗೆ ನಿಲ್ಲಿಸಿದ್ದನ್ನು ಅಷ್ಟು ಸಂತೋಷದಿಂದ ಹೇಳಿಕೊಂಡ ಡಾಕ್ಟರನ್ನು ನಾನು ಬೇರೆ ಕಂಡಿಲ್ಲ. "ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟ ಇತ್ತು ಅಂದಳು."

"ಗಿರಿಜಕ್ಕ?"

"ಇಲ್ಲೇ ಇದ್ದಾರೆ. ಮೊದಲ ಚಮಚ ಎಲ್ಲಿ ಅಂತ ಕೇಳಿದರು. ಮಗುವಿನ ಬಾಯಿಗೆ ಈಗ ಏನೂ ಹಾಕುವ ಹಾಗಿಲ್ಲ. ಮಧ್ಯಾಹ್ನದಿಂದ ಅವರು ಒಂದು ತೊಟ್ಟು ನೀರು ಕುಡಿದಿಲ್ಲ. ಕ್ಯಾಂಟೀನಿನಿಂದ ಚಹಾ ತರಿಸಿ, ಸಕ್ಕರೆ ಕದಡಿ, ಮೊದಲ ಚಮಚ ಇವತ್ತು ನಿಮಗೇ ಅಂತ ಬಾಯಿಗೆ ಕೊಟ್ಟೆ. ಈಗ ಕೂತು ಅಳ್ತಾ ಇದ್ದಾರೆ. ನೀವು ಎಂತ ಮಾಡ್ತಾ ಇದ್ದೀರಿ?"

ಫೋನಿನಲ್ಲಿ ನನ್ನದೇ ಪ್ರಶ್ನೆಯನ್ನು ಯಾರಾದರೂ ನನಗೆ ಕೇಳಿದ್ದು ಅದೇ ಮೊದಲು. "ಗಿಲಕಿ ತೊಳೀತಾ ಇದ್ದೇನೆ ಸರ್" ಎಂದೆ.

ಮಾರನೆಯ ದಿನ ಕ್ಲಿನಿಕ್ಕಿಗೆ ಬಂದವರೇ ಗಡಸು ಸ್ವರದಲ್ಲಿ ಹೇಳಿದರು, "ಸುಮತಿ, ಇನ್ನು ಮೇಲೆ ನನ್ನನ್ನು ಪ್ರಸಾದದ ಹಾಗೆ ಊರೂರಿಗೆ ಕಳಿಸ್ಲಿಕ್ಕೆ ಆಗುವುದಿಲ್ಲ. ಬೇರೆ ಏನಾದರೂ ಉಪಾಯ ಮಾಡಿ."

ಉಪಾಯ ಮಾಡಿದೆ. ಪ್ರಮೋಶನ್ ಇಲ್ಲದ ಕೆಲಸ ನಮ್ಮದು, ನನ್ನ ಹೆಸರು ಯಾವ ಬೋರ್ಡಿನಲ್ಲೂ ಬರಲಿಲ್ಲ. ಆದರೆ ಈ ಉಪಾಯ ನನ್ನದು. ಲಸಿಕೆಗೆ ಬಂದ ಪ್ರತಿ ಮನೆಯವರಿಗೂ ಹೇಳಲು ಶುರು ಮಾಡಿದೆ, ಈ ಭಾನುವಾರ, ಮಗು ಗಟ್ಟಿಮುಟ್ಟಾಗಿ ಇರುವಾಗಲೇ, ಅದನ್ನು ಎತ್ತಿಕೊಂಡು ಮನೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಒಳಗೆ ಹೋಗುವುದು ಬೇಡ. ಕ್ಯಾಶುವಲ್ಟಿಯ ಬಾಗಿಲು ಯಾವ ಕಡೆ, ರಿಕ್ಷಾ ಎಲ್ಲಿ ನಿಲ್ಲುತ್ತದೆ, ರಾತ್ರಿ ಯಾವ ಗೇಟು ತೆರೆದಿರುತ್ತದೆ, ನೋಡಿ ಬನ್ನಿ. ಅಜ್ಜಿ ಇದ್ದರೆ ಅಜ್ಜಿಯನ್ನು ಮುಖ್ಯವಾಗಿ ಕರೆದುಕೊಂಡು ಹೋಗಿ. ಪರಿಚಯವಿಲ್ಲದ ಬಾಗಿಲಿಗೆ ಯಾರೂ ಮಗುವನ್ನು ಎತ್ತಿಕೊಂಡು ಓಡುವುದಿಲ್ಲ. ಮೊದಲು ಬಾಗಿಲು ಪರಿಚಯವಾಗಬೇಕು.

ಜನ ನಕ್ಕರು. ಸಿಸ್ಟರ್ ಪಿಕ್‌ನಿಕ್ ಎಂದು ಹೆಸರಿಟ್ಟರು. ಕೆಲವರು ಒಳ್ಳೆಯ ದಿನ ಆಸ್ಪತ್ರೆ ಮೆಟ್ಟಿಲು ತುಳಿಯುವುದು ಅಪಶಕುನ ಎಂದು ಮುಖ ಸಿಂಡರಿಸಿದರು. ಅಂಥವರಿಗೆ, ಮೆಟ್ಟಿಲು ತುಳಿಯಬೇಡಿ, ಎದುರಿನ ಅಂಗಡಿಯಲ್ಲಿ ಎಳನೀರು ಕುಡಿದುಕೊಂಡು ನೋಡಿ ಬನ್ನಿ ಎಂದೆ. ಹೋದರು. ಎಳನೀರಿಗೆ ನಮ್ಮ ಜನ ಎಲ್ಲಿಗೂ ಹೋಗುತ್ತಾರೆ.

ಆಮೇಲೆ ಕಾಲ ಬದಲಾಯಿತು. ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಕ್ಲಿಪ್ ಬಂತು. ವಾಟ್ಸಾಪ್ ಬಂತು. ಉಸಿರು ಕೇಳಿಸಿಕೊಳ್ಳುವ ಬದಲು ವಿಡಿಯೋ ನೋಡುವುದಾಯಿತು. ಒಳ್ಳೆಯದೇ. ಆದರೆ ಹುಡುಗಿಯರು ಎಷ್ಟೋ ಸಲ ವಿಡಿಯೋದಲ್ಲಿ ಮಗುವಿನ ಮೈಮೇಲಿನ ಗುಳ್ಳೆ ನೋಡುತ್ತಾರೆ, ಮಗುವನ್ನು ನೋಡುವುದಿಲ್ಲ. ಕ್ಲಿಪ್ಪಿನ ನಂಬರ್ ಕೇಳುತ್ತಾರೆ, ಆ ನಂಬರ್ ಬರುವಾಗ ಮಗು ಏನು ಮಾಡುತ್ತಿತ್ತು ಎಂದು ಕೇಳುವುದಿಲ್ಲ. ಮೆಷಿನ್ ಎಷ್ಟೇ ಬರಲಿ, ಆ ಹಳೆಯ ಪ್ರಶ್ನೆಯನ್ನು ಬಿಡಬೇಡಿ. ಉತ್ತರ ಕೇಳಿದ ಮೇಲೂ ಅನುಮಾನ ಉಳಿದರೆ ಹೋಗು ಎಂದೇ ಹೇಳಿ. ಸುಮ್ಮನೆ ಹೋಗಿ ಬಂದ ತಾಯಿ ನಿಮಗೆ ನಾಲ್ಕು ದಿನ ಬೈಯುತ್ತಾಳೆ, ಅಷ್ಟೇ.

ನಾನು ಕೆಲಸ ಬಿಡುವ ವರ್ಷ, ಒಂದು ಮಧ್ಯಾಹ್ನ ಫೋನ್ ಬಂತು. ಸ್ವರ ಮುದಿಯಾಗಿತ್ತು, ಆದರೂ ಗುರುತು ಸಿಕ್ಕಿತು. ಗಿರಿಜಕ್ಕ.

"ಸಿಸ್ಟರ್, ನಮ್ಮ ಬಿಲ್ಡಿಂಗಿನಲ್ಲಿ ಕೆಳಗಿನ ಮನೆಯವರ ಮಗು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿದ್ದಾರೆ. ನೋಡಿಕೊಳ್ಳುವ ಹುಡುಗಿ ಅಳ್ತಾ ಮೇಲೆ ಬಂದಳು. ಮಗು ಕರೆದರೆ ಕಣ್ಣು ಬಿಡ್ಲಿಲ್ಲ, ಕುಡಿದದ್ದೆಲ್ಲ ವಾಂತಿ, ಬೆಳಿಗ್ಗೆಯಿಂದ ಮೂತ್ರ ಇಲ್ಲ."

ನನ್ನ ಕೈ ಆಗಲೇ ವಯರ್ ಎಳೆಯುತ್ತಿತ್ತು. "ಗಿರಿಜಕ್ಕ, ಈಗ ಎಲ್ಲಿದೆ ಮಗು? ಕೂಡಲೇ..."

"ನಿಲ್ಲಿ ಸಿಸ್ಟರ್, ನನಗೆ ಮಾತಾಡ್ಲಿಕ್ಕೆ ಬಿಡಿ. ನಾನು ಫೋನ್ ಮಾಡಿದ್ದು ಕೇಳ್ಲಿಕ್ಕೆ ಅಲ್ಲ, ಹೇಳ್ಲಿಕ್ಕೆ. ಮಗುವನ್ನು ಎತ್ತಿಕೊಂಡು ರಿಕ್ಷಾದಲ್ಲಿ ಆ ಗಾಜಿನ ಬಾಗಿಲಿಗೇ ತಂದೆ. ಒಳಗೆ ಸಲೈನ್ ಹಾಕಿದ್ದಾರೆ. ಈಗ ಕಣ್ಣು ಬಿಟ್ಟಿದೆ. ನಾನು ಹೊರಗೆ ನಿಂತಿದ್ದೇನೆ."

ಫ್ರಿಜ್ಜಿನ ಮೂಲೆಯಲ್ಲಿ ನಾನು ಹಾಗೇ ನಿಂತೆ. ಇಷ್ಟು ವರ್ಷಗಳಲ್ಲಿ ಆ ಟೆಲಿಫೋನಿನಲ್ಲಿ ನನ್ನನ್ನು ಏನೂ ಕೇಳದ ಕರೆ ಅದೊಂದೇ. ಆಚೆಯಿಂದ ಗಿರಿಜಕ್ಕ, "ಹಲೋ? ಸಿಸ್ಟರ್, ಇದ್ದೀರಾ?" ಎನ್ನುತ್ತಿದ್ದರು.

"ಇದ್ದೇನೆ ಗಿರಿಜಕ್ಕ" ಎಂದೆ. "ಬೆಳಿಗ್ಗೆಯಿಂದ ನೀವು ಏನಾದರೂ ತಿಂದಿದ್ದೀರಾ? ಮೊದಲು ಒಂದು ಚಹಾ ಕುಡಿಯಿರಿ."